ಮಾದರಿ ಪುಸ್ತಕದ ಹೆಂಡತಿ

‘ಇವತ್ತು ನಿಮ್ಮನ್ನು ನಗಿಸಿದ್ದು ಏನು?’ ಎಂದು ಡೈರಿಯ ಪುಟದ ನೆತ್ತಿಯ ಮೇಲೆ ದುಂಡು ಅಕ್ಷರಗಳಲ್ಲಿ ಅಚ್ಚಾಗಿತ್ತು. ಪಕ್ಕದಲ್ಲಿ ಮನಸ್ಸಿನ ಹವಾಮಾನ ಗುರುತು ಹಾಕಲು ಒಂದು ಸೂರ್ಯ, ಒಂದು ಮೋಡ, ಒಂದು ಕೊಡೆ. ಅಚ್ಚಿಗೆ ಮೊದಲು ಈ ಪ್ರಶ್ನೆಯ ಪ್ರೂಫ್ ನೋಡಿ ತಿದ್ದಿದವನು ಅವನೇ. ಆಗ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದೆಯೋ ಇಲ್ಲವೋ ಎಂದಷ್ಟೇ ನೋಡಿ ಮುಂದಿನ ಪುಟಕ್ಕೆ ಹೋಗಿದ್ದ. ಉತ್ತರವನ್ನೂ ತಾನೇ ಬರೆಯಬೇಕಾದೀತೆಂದು ಎಣಿಸಿರಲಿಲ್ಲ. ಈಗ ಪೆನ್ನು ಹಿಡಿದು ಬೆಳಗಿನಿಂದ ನಡೆದದ್ದನ್ನೆಲ್ಲ ಜಾಲಾಡಿದ. ಬಸ್ಸಿನಲ್ಲಿ ಮುಂದಿನ ಸೀಟಿನ ಬೆನ್ನಿಗೆ ಅಂಟಿಸಿದ್ದ ಜಾಹೀರಾತಿನಲ್ಲಿ ಒಂದು ಒತ್ತಕ್ಷರ ತಪ್ಪಾಗಿತ್ತು. ಅದನ್ನು ಸುಮ್ಮನೆ ಬೆರಳಿನಿಂದ ತಿದ್ದುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಚೀಲವನ್ನು ಆ ಕಡೆಗೆ ಸರಿಸಿಕೊಂಡಿದ್ದಳು. ಅದು ನಗುವ ವಿಷಯವಲ್ಲ. ಪ್ರೆಸ್ಸಿನ ಬಾಗಿಲಲ್ಲಿ ಬೈಂಡರ್ ಎಂದಿನಂತೆ, “ಬಂದ್ರಾ ತಪ್ಪಪ್ಪನೋರು? ಇವತ್ತು ಯಾರ ತಪ್ಪು ಹುಡುಕ್ತೀರಿ?” ಎಂದು ಹಲ್ಲು ಕಿರಿದಿದ್ದ. ಅದು ಬೈಂಡರನ ನಗು, ತನ್ನದಲ್ಲ. ಕೊನೆಗೆ ಉಸಿರು ಬಿಟ್ಟು ಬರೆದ: ‘ಕಿಟಕಿ ಒರೆಸುತ್ತ ಹೆಂಡತಿ ಹಾಡುತ್ತಿದ್ದಳು. ನಡುವೆ ಒಂದು ಸಾಲು ಮರೆತುಹೋಯಿತು. ಒರೆಸುವ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದು ತಾನೇ ನಕ್ಕಳು. ನಾನೂ ನಕ್ಕೆ.’ ಬರೆದು ಸೂರ್ಯನಿಗೆ ಹಳದಿ ಬಣ್ಣ ತುಂಬಿದ.

ಮನೆಯಲ್ಲಿ ಅಂಥದ್ದೇನೂ ನಡೆದಿರಲಿಲ್ಲ. ಅವನು ಹೊರಡುವಾಗ ಹೆಂಡತಿ ಬೆನ್ನು ತಿರುಗಿಸಿಕೊಂಡು ನಲ್ಲಿಯ ಕೆಳಗೆ ಪಾತ್ರೆ ಹಿಡಿದಿದ್ದಳು. “ಬರ್ತೀನಿ” ಎಂದಾಗ ನೀರಿನ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಗಿತ್ತು. ಅವಳ ಮಟ್ಟಿಗೆ ಅದೇ ಉತ್ತರ, ಅವನ ಮಟ್ಟಿಗೂ ಅದು ಸಾಕಾಗುತ್ತಿತ್ತು.

ಈ ಪ್ರೆಸ್ಸು ಮೊದಲಿನಿಂದಲೂ ಡೈರಿ ಅಚ್ಚು ಹಾಕುವ ಪ್ರೆಸ್ಸು. ಹಳೆಯ ಯಜಮಾನರ ಕಾಲದಲ್ಲಿ ಡೈರಿ ಎಂದರೆ ತಾರೀಖು, ಗೆರೆ, ಕೊನೆಯಲ್ಲಿ ಅಳತೆ ತೂಕದ ಕೋಷ್ಟಕ. ಈಗ ಕುರ್ಚಿಯಲ್ಲಿ ಕೂತಿರುವವಳು ಅವರ ಮಗಳು, ಪ್ರೆಸ್ಸಿನವರಿಗೆಲ್ಲ ಮೇಡಂ. ತಾರೀಖನ್ನು ಜನ ಫೋನಿನಲ್ಲೇ ನೋಡಿಕೊಳ್ಳುತ್ತಾರೆ, ಗೆರೆ ಎಳೆದ ಹಾಳೆ ಯಾರಿಗೂ ಬೇಡ, ದಿನಚರಿ ಬರೆಯುವುದು ಒಂದು ಆಟವಾಗಬೇಕು ಎಂಬುದು ಅವಳ ಲೆಕ್ಕ. ಹಾಗಾಗಿ ಹೊಸ ಪುಸ್ತಕದಲ್ಲಿ ಚಿತ್ರ ಬಿಡಿಸಲು ಚೌಕ, ಬಸ್ ಟಿಕೆಟ್ ಅಂಟಿಸಲು ಜೇಬು, ‘ಇವತ್ತಿನ ಬಣ್ಣ’, ‘ಇವತ್ತು ಕೇಳಿದ ಒಂದು ಸದ್ದು’. “ಅಂಕಲ್, ಖಾಲಿ ಪುಸ್ತಕ ತೋರ್ಸಿದ್ರೆ ಜನ ಹೆದರ್ಕೋತಾರೆ. ಮಾದರಿಗೆ ಅಂತ ತುಂಬಿದ ಪುಸ್ತಕ ಒಂದು ಬೇಕು. ನಿಮ್ಮ ಅಕ್ಷರ ಮುತ್ತು ಪೋಣಿಸಿದ ಹಾಗಿದೆ, ನೀವೇ ಬರೀರಿ. ನಿಮ್ಮ ದಿನಗಳನ್ನೇ ಬರೀರಿ” ಎಂದು ಅವಳು ಅವನ ಮುಂದೆ ಪುಸ್ತಕ ಇಟ್ಟಾಗ ಬಣ್ಣದ ಪೆನ್ಸಿಲುಗಳ ಡಬ್ಬಿಯನ್ನೂ ಇಟ್ಟಿದ್ದಳು. ಅದೇ ಉಸಿರಿನಲ್ಲಿ, “ಅಕ್ಷರದೋಷ ಎಲ್ಲಾ ಈಗ ಕಂಪ್ಯೂಟರೇ ಹಿಡಿಯುತ್ತಲ್ಲಾ, ನಿಮಗೂ ಏನಾದ್ರೂ ಕೆಲಸ ಬೇಕಲ್ವಾ. ಇದು ಚೆನ್ನಾಗಿ ಹೋದ್ರೆ ಇಂಥದೇ ಮಾಡ್ಕೊಂಡು ಇದ್ಬಿಡಿ” ಎಂದಿದ್ದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಚಿಕ್ಕವಳಿದ್ದಾಗ ಇದೇ ಮೇಜಿನ ಕೆಳಗೆ ಕೂತು ಕಾಗದದ ದೋಣಿ ಮಾಡುತ್ತಿದ್ದ ಹುಡುಗಿ. ಆದರೆ ಆ ದಿನ ಊಟಕ್ಕೆ ಕೂತಾಗ ಅವನು ಲೆಕ್ಕ ಹಾಕಿದ. ಪುಸ್ತಕ ತುಂಬಿದರೆ ಕುರ್ಚಿ ಉಂಟು, ಇಲ್ಲವಾದರೆ ಇಲ್ಲ. ಅಷ್ಟು ಸ್ಪಷ್ಟ.

ಮೊದಲ ದಿನ ಅವನು ಇದ್ದದ್ದನ್ನು ಇದ್ದ ಹಾಗೆ ಬರೆದ. ‘ಕೆಲಸಕ್ಕೆ ಬಂದೆ. ತಲೆನೋವಿತ್ತು. ಮನೆಗೆ ಹೋದೆ.’ ಮೇಡಂ ಓದಿ, ಪಾಪ, ನಗು ತಡೆದುಕೊಂಡಳು. “ಅಂಕಲ್, ಇದನ್ನ ನೋಡಿದ್ರೆ ಯಾರು ಕೊಳ್ತಾರೆ ಪುಸ್ತಕಾನಾ? ಸ್ವಲ್ಪ ಖುಷಿ ಬರ್ಲಿ” ಎಂದು ಆ ಹಾಳೆಯನ್ನು ಸ್ಕೇಲು ಇಟ್ಟು ನೀಟಾಗಿ ಹರಿದು ತೆಗೆದಳು. ತನ್ನ ಒಂದು ದಿನ ಅಷ್ಟು ನೀಟಾಗಿ ಹೋಗುವುದನ್ನು ಅವನು ನೋಡುತ್ತ ನಿಂತ. ಮರುದಿನ ಹಾಳೆಯ ಮೇಲೆ ಟೀ ಚೆಲ್ಲಿತು. ಗಾಬರಿಯಲ್ಲಿ ಒರೆಸಲು ಹೋಗಿ ಕಲೆ ಇನ್ನೂ ಅಗಲವಾಯಿತು. ಏನು ಮಾಡಲೂ ತೋಚದೆ ಅದಕ್ಕೆ ಎರಡು ಕಿವಿ, ಮೀಸೆ ಬರೆದ. ಬೆಕ್ಕಾಯಿತು. ಮೇಡಂ ಚಪ್ಪಾಳೆ ತಟ್ಟಿದಳು. ಅಲ್ಲಿಂದ ಶುರು. ದಾರಿಯಲ್ಲಿ ಬಿದ್ದ ಎಲೆ ಎತ್ತಿಕೊಂಡ, ಟಿಕೆಟ್ಟುಗಳನ್ನು ಎಸೆಯುವುದು ಬಿಟ್ಟ, ‘ಕೇಳಿದ ಸದ್ದಿ’ಗಾಗಿ ಕಿವಿ ತೆರೆದುಕೊಂಡು ನಡೆದ. ಕಟಿಂಗ್ ಮಷೀನು ಕಾಗದ ಕತ್ತರಿಸುವಾಗ ನಿಟ್ಟುಸಿರು ಬಿಡುತ್ತದೆಂಬುದು ಇಷ್ಟು ವರ್ಷ ಅದರ ಪಕ್ಕದಲ್ಲೇ ಕೂತರೂ ಗೊತ್ತಿರಲಿಲ್ಲ. ಬರೆಯುವುದರಲ್ಲಿ ಸಂತೋಷವಿತ್ತು. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತಿತ್ತು, ಆದರೂ ಇತ್ತು.

ಹೆಂಡತಿ ಪುಸ್ತಕದೊಳಗೆ ಯಾವಾಗ ಬಂದಳೋ ನೆನಪಿಲ್ಲ. ‘ಇವತ್ತು ಯಾರೊಡನೆ ಮಾತಾಡಿದಿರಿ?’ ಎಂಬ ಪ್ರಶ್ನೆಗೆ ಒಂದು ದಿನ ಯಾರ ಹೆಸರೂ ಹೊಳೆಯದೆ ‘ಹೆಂಡತಿಯೊಡನೆ, ತುಂಬ ಹೊತ್ತು’ ಎಂದು ಗೀಚಿದ್ದ. ಬರೆದ ಮೇಲೆ ಏನು ಮಾತು ಎಂದೂ ಹೇಳಬೇಕಾಯಿತು. ಆಮೇಲೆ ಅವಳು ದಿನಾ ಬರತೊಡಗಿದಳು. ಕೊಡೆ ಮರೆತು ಬಂದು ನೆನೆದಳು, ಅಂಗಡಿಯವನ ನಡಿಗೆಯನ್ನು ಅಣಕಿಸಿ ತೋರಿಸಿದಳು, ಅವನ ಕನ್ನಡಕ ತಾನು ಹಾಕಿಕೊಂಡು ಮನೆಯೆಲ್ಲ ತಡಕಾಡಿದಳು. ಸುಸ್ತಾಗಿ ಬಂದವನಿಗೆ “ಏನು ನಿಮ್ಮ ಮುಖ, ಹಿಂಡಿ ಹಾಕಿದ ಬಟ್ಟೆ ಹಾಗಿದೆ” ಎಂದು ಛೇಡಿಸಿದಳು. ಬೆಳಗಾದರೆ ಸಾಕು, ಪ್ರೆಸ್ಸಿಗೆ ಹೋಗಿ ಅವಳನ್ನು ನೋಡಬೇಕೆಂಬ ತವಕ. ಮನೆಯಲ್ಲಿರುವವಳಿಗೆ ಮೋಸ ಮಾಡುತ್ತಿದ್ದೇನೆ, ಅದೂ ಅವಳನ್ನೇ ಇಟ್ಟುಕೊಂಡು ಎಂದು ಒಂದು ಮಧ್ಯಾಹ್ನ ಹೊಳೆದು ಕಿವಿ ಬಿಸಿಯಾಯಿತು. ಆದರೂ ಆ ದಿನದ ಪುಟ ತುಂಬಿಸಿದ.

ಸೂರ್ಯನ ಹಳದಿ ಇನ್ನೂ ಬೆರಳಿಗೆ ಅಂಟಿಕೊಂಡಿದ್ದಾಗಲೇ ಮೇಡಂ ಬಂದು ಅವನ ಹೆಗಲ ಮೇಲಿಂದ ಬಗ್ಗಿ ಓದಿದಳು. “ಅಯ್ಯೋ, ಎಷ್ಟು ಚೆನ್ನಾಗಿದೆ! ಆಂಟಿ ನಿಜವಾಗ್ಲೂ ಹೀಗೇನಾ ಅಂಕಲ್?” ಎಂದಳು. ಅವನ ಬೆರಳು ಸಾಲಿನ ಕೆಳಗೇ ಇತ್ತು. ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. “ಹೌದು” ಎಂದ. “ಹಾಗಾದ್ರೆ ನಾಳೆ ಅವ್ರನ್ನ ಕರ್ಕೊಂಡು ಬನ್ನಿ. ಪುಸ್ತಕದ ಅಂಗಡಿಯವರೆಲ್ಲ ಬರ್ತಾರೆ, ಅವರಿಗೆ ತೋರಿಸೋ ದಿನ. ಆಂಟೀನೇ ಒಂದೆರಡು ಪುಟ ಓದ್ಲಿ. ಅವ್ರು ಇಲ್ಲಿ ಕೂತು ಓದ್ತಿದ್ದದ್ದು ನಂಗೆ ಈಗ್ಲೂ ಕಿವೀಲಿದೆ. ಪುಸ್ತಕ ಮನೆಗೆ ತಗೊಂಡು ಹೋಗಿ, ಒಂದ್ಸಲ ಓದಿ ನೋಡ್ಕೊಳ್ಲಿ” ಎಂದು ಅವಳೇ ಪುಸ್ತಕವನ್ನು ಬಟ್ಟೆಯ ಚೀಲಕ್ಕೆ ಹಾಕಿ ಕೊಟ್ಟಳು. ಅವನು ಚೀಲದ ಹಿಡಿಯನ್ನು ಕೈಗೆ ಸುತ್ತಿಕೊಂಡ. ಬೈಂಡರ್ ಅಂಟಿನ ಡಬ್ಬಿಯಿಂದ ತಲೆಯೆತ್ತಿ, “ಏನ್ರೀ ತಪ್ಪಪ್ಪನೋರೆ, ನಾಳೆ ಜೋಡಿಯಾಗಿ ಬರ್ತೀರಂತೆ?” ಎಂದ. ಅವನು ನಕ್ಕ ಹಾಗೆ ಮಾಡಿದ.

ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಚೀಲವನ್ನು ಎದೆಗೆ ಅವುಚಿಕೊಂಡು ಕಂಬಕ್ಕೆ ಒರಗಿದ. ಮದುವೆಗೆ ಮೊದಲು ಹೆಂಡತಿಯ ಮುಖಕ್ಕಿಂತ ಅವಳ ದನಿ ಅವನಿಗೆ ಪರಿಚಯ. ಅವಳು ಅವನ ಕಾಪಿ ಹೋಲ್ಡರ್ ಆಗಿದ್ದಳು. ಮೇಜಿನ ಆಚೆ ಸ್ಟೂಲಿನ ಮೇಲೆ ಕೂತು ಲೇಖಕರ ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು ಅವಳ ಕೆಲಸ, ಈಚೆ ಅಚ್ಚಾದ ಹಾಳೆಯ ಮೇಲೆ ಬೆರಳಿಟ್ಟು ಕೇಳುತ್ತ ತಿದ್ದುವುದು ಅವನ ಕೆಲಸ. ಭಾವ ಗೀವ ಹಾಕಿ ಓದುವ ಹಾಗಿಲ್ಲ; ಭಾವ ಬಂದರೆ ಕಿವಿ ಅರ್ಥದ ಹಿಂದೆ ಹೋಗುತ್ತದೆ, ತಪ್ಪು ಜಾರಿಕೊಳ್ಳುತ್ತದೆ. ಅಡುಗೆ ಪುಸ್ತಕವಿರಲಿ, ಸತ್ತವರ ಸ್ಮರಣೆಯಿರಲಿ, ನಗೆಹನಿಯಿರಲಿ, ಒಂದೇ ದನಿ. “ಅವನು ಅಳುತ್ತಾ ಕಾಮಾ ಬಾಗಿಲು ಮುಚ್ಚಿದನು ಫುಲ್‌ಸ್ಟಾಪ್ ಹೊಸ ಪ್ಯಾರಾ.” ಪ್ರತಿ ಫುಲ್‌ಸ್ಟಾಪಿಗೂ ಅವನು “ಹ್ಞೂಂ” ಅನ್ನಬೇಕು. ಅಂದರೆ ಮುಂದಿನ ವಾಕ್ಯ. ಅನ್ನದಿದ್ದರೆ ತಲೆ ಮೇಲೆ ತಲೆ ಬಿದ್ದರೂ ಅವಳು ಮುಂದೆ ಹೋಗುವವಳಲ್ಲ, ಬಾಯಿ ಮುಚ್ಚಿ ಕಾಯುತ್ತಿದ್ದಳು. ಅವನಾದರೋ ಸಾಲಿನಿಂದ ಕಣ್ಣೆತ್ತಿದವನಲ್ಲ. ಕಣ್ಣೆತ್ತಿದರೆ ಜಾಗ ತಪ್ಪುತ್ತದೆ. ಬಸ್ಸಿನಲ್ಲಿ ಯಾರೋ ಕಾಲು ತುಳಿದರು, ಅವನೇ ಕ್ಷಮೆ ಕೇಳಿದ. ಹಳೆಯ ಯಜಮಾನರು ಬಾಗಿಲಲ್ಲಿ ನಿಂತು, ಇನ್ನು ಮೇಲೆ ಎಲ್ಲ ಕಂಪ್ಯೂಟರಿನಲ್ಲೇ ಬರುತ್ತದೆ, ಎದುರು ಕೂತು ಓದುವವರು ಬೇಕಾಗುವುದಿಲ್ಲ ಎಂದ ದಿನವೂ ಅವಳು ಅರ್ಧಕ್ಕೆ ನಿಲ್ಲಿಸಲಿಲ್ಲ. ವಾಕ್ಯ ಮುಗಿಸಿ “ಫುಲ್‌ಸ್ಟಾಪ್” ಎಂದಳು. ಕಾದಳು. ಯಜಮಾನರು ಅಲ್ಲೇ ನಿಂತಿದ್ದರು, ಅವನ ಬೆರಳು ಸಾಲಿನ ಮೇಲಿತ್ತು, ಗಂಟಲಿನಿಂದ ಏನೂ ಹೊರಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸ್ಟೂಲು ಕಿರ್ರೆಂದಿತು. ಹಾಳೆಗಳ ಅಂಚು ಸರಿಮಾಡಿ ಮೇಲೆ ತೂಕದ ಕಲ್ಲು ಇಡುವುದು ಕೇಳಿಸಿತು. ಆ ಸಂಜೆ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಮಾತು ಕಡಿಮೆಯಾದದ್ದು ಯಾರಿಗೂ ಗೊತ್ತಾಗದ ಹಾಗೆ, ನಲ್ಲಿಯಲ್ಲಿ ನೀರು ಸಣ್ಣಗಾಗುವ ಹಾಗೆ.

ಮನೆಯ ಬಾಗಿಲು ಓರೆಯಾಗಿತ್ತು. ಅವಳು ಊಟದ ಮೇಜಿನ ಮೇಲೆ ಪ್ರೆಸ್ಸಿನ ವೇಸ್ಟ್ ಹಾಳೆ ಹರಡಿಕೊಂಡು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಅವನು ತಂದು ಗುಡ್ಡೆ ಹಾಕಿದ ಹಾಳೆಗಳು. ಮುಂದಿನ ವರ್ಷದ ತಾರೀಖುಗಳ ಮೇಲೆ ಹಸಿರು ನಾರು ಸುರುಳಿ ಸುರುಳಿಯಾಗಿ ಬಿದ್ದಿತ್ತು. “ಬೇಗ ಬಂದ್ರಿ” ಎಂದಳು, ತಲೆಯೆತ್ತದೆ. ಅವನು ಎದುರಿಗೆ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಕಿಟಕಿಯ ಗಾಜಿನ ಮೇಲೆ ಧೂಳು ಇಷ್ಟು ದಪ್ಪ ಕೂತಿತ್ತು. ಇವತ್ತಷ್ಟೇ ಒರೆಸಿದ್ದು ಎಂದು ಬರೆದು ಬಂದಿದ್ದ.

“ಮೇಡಂ ನಿನ್ನ ಕೇಳಿದ್ರು” ಎಂದ.

“ನನ್ನನ್ನಾ?”

“ನಾಳೆ ಪ್ರೆಸ್ಸಿಗೆ ಬರಬೇಕಂತೆ. ಒಂದೆರಡು ಪುಟ ಓದೋಕೆ.”

ಅವಳ ಕೈ ನಿಂತಿತು. ಆ ಮುಖದಲ್ಲಿ ಏನೋ ಅರಳಿದ್ದನ್ನು ಅವನು ನೋಡಿದ, ನೋಡಬಾರದಿತ್ತು ಅನ್ನಿಸಿತು. “ಓದೋಕಾ? ಮತ್ತೆ ಕೆಲಸಕ್ಕೆ ಕರೀತಿದಾರಾ?” ಎಂದು ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಇಲ್ಲ, ಇಲ್ಲ. ಒಂದು ದಿನಕ್ಕೆ. ಮಾದರಿ ಪುಸ್ತಕ. ನಾನು ಬರೆದದ್ದು” ಎಂದ. ಅರಳಿದ್ದು ಹಾಗೇ ಮುದುಡಿತು. ಅವಳು ಕೈ ಚಾಚಿದಳು. ಕೊಡದೆ ಗತಿಯಿರಲಿಲ್ಲ.

ಅವಳು ಮೊದಲಿನಿಂದ ಓದಲಿಲ್ಲ. ಹಾಳೆಗಳನ್ನು ಹೆಬ್ಬೆರಳಿನಿಂದ ಸರಸರ ಬಿಟ್ಟು ನೋಡಿದಳು. ಎಲೆ, ಟಿಕೆಟ್ಟು, ಟೀ ಕಲೆಯ ಬೆಕ್ಕು. ಬೆಕ್ಕಿನ ಹತ್ತಿರ ಒಂದು ಕ್ಷಣ ನಿಂತು ಅದರ ಮೀಸೆಯನ್ನು ಉಗುರಿನಿಂದ ಮುಟ್ಟಿದಳು. ಆಮೇಲೆ ಓದತೊಡಗಿದಳು. ತುಟಿ ಅಲ್ಲಾಡಲಿಲ್ಲ. ಹೊರಗೆ ಯಾರೋ ಮೋಟಾರು ಸೈಕಲ್ಲನ್ನು ಒದ್ದು ಒದ್ದು ಸ್ಟಾರ್ಟ್ ಮಾಡುತ್ತಿದ್ದರು, ಅದು ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ‘ಇವತ್ತು ಕೇಳಿದ ಒಂದು ಸದ್ದು’ ಎಂದು ಅವನ ತಲೆ ತನ್ನಷ್ಟಕ್ಕೇ ಗುರುತು ಹಾಕಿಕೊಂಡಿತು. ತನ್ನ ಮೇಲೆ ತನಗೇ ಅಸಹ್ಯವಾಯಿತು. ಅವಳು ಬೈಯಲಿ, ಪುಸ್ತಕವನ್ನು ಮುಖಕ್ಕೆ ಎಸೆಯಲಿ ಎಂದುಕೊಂಡ. ಅವಳು ಬಹಳ ಹೊತ್ತಿನ ಮೇಲೆ, ಅಪರಿಚಿತರ ಮನೆಯ ಫೋಟೊ ನೋಡಿದವಳ ಹಾಗೆ, “ಯಾರ್ರೀ ಇವಳು?” ಎಂದಳು.

“ನೀನೇ.”

“ನಾನು ಅಂಗಡಿಯೋನನ್ನ ಯಾವತ್ತು ಅಣಕಿಸಿದೆ?”

“ಸುಮ್ಮನೆ ಬರೆದೆ. ಖುಷಿಯಾಗಿರಬೇಕು ಅಂದ್ರು. ಇದು ಸರಿಹೋದ್ರೆ ನನ್ನ ಕೆಲಸ ಉಳಿಯುತ್ತೆ. ಇಲ್ದಿದ್ರೆ ನನ್ನನ್ನೂ...” ಅವನು ಅಲ್ಲಿಗೆ ನಿಲ್ಲಿಸಿದ. ‘ನನ್ನನ್ನೂ’ ಎಂಬುದು ಮೇಜಿನ ಮೇಲೆ, ಹುರುಳಿಕಾಯಿಗಳ ನಡುವೆ ಬಿದ್ದುಕೊಂಡಿತು.

“ನಾನು ಹೀಗಿದ್ದಿದ್ರೆ ನಿಮಗೆ ಚೆನ್ನಾಗಿರ್ತಿತ್ತು ಅಲ್ವಾ?” ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು. ಅದಕ್ಕೆ ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು.

ಅವಳು ಹುರುಳಿಕಾಯಿಯನ್ನು ಬದಿಗೆ ತಳ್ಳಿ, ಬೆನ್ನು ನೆಟ್ಟಗೆ ಮಾಡಿ ಕೂತು, ಪುಸ್ತಕವನ್ನು ಎರಡೂ ಕೈಯಲ್ಲಿ ಮುಖದ ಎತ್ತರಕ್ಕೆ ಹಿಡಿದಳು. ಆ ಹಿಡಿಯುವ ರೀತಿ ಕಂಡೊಡನೆ ಅವನ ಕೈ ತಾನಾಗಿಯೇ ಅಂಗಿಯ ಜೇಬಿನ ಕೆಂಪು ಪೆನ್ನಿಗೆ ಹೋಯಿತು. “ಕಿಟಕಿ ಒರೆಸುತ್ತ ಹೆಂಡತಿ ಹಾಡುತ್ತಿದ್ದಳು ಫುಲ್‌ಸ್ಟಾಪ್” ಎಂದಳು. ಅದೇ ದನಿ. ಏರಿಲ್ಲ, ಇಳಿವಿಲ್ಲ. “ನಡುವೆ ಒಂದು ಸಾಲು ಮರೆತುಹೋಯಿತು ಫುಲ್‌ಸ್ಟಾಪ್.” ಅವನ ಮುಂದೆ ಬೆರಳಿಡಲು ಹಾಳೆ ಇರಲಿಲ್ಲ; ವೇಸ್ಟ್ ಹಾಳೆಯ ಯಾವುದೋ ತಾರೀಖಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದ. ಅವಳು ನಿಲ್ಲಿಸಿ ಪುಸ್ತಕವನ್ನು ಅವನ ಕಡೆ ತಿರುಗಿಸಿಟ್ಟಳು.

“ಇದು ಪ್ರೂಫು. ಮೂಲಪ್ರತಿ ಎಲ್ಲಿ ಸರ್?”

ಮದುವೆಯಾದ ಮೇಲೆ ಅವಳು ಅವನನ್ನು ‘ಸರ್’ ಎಂದಿರಲಿಲ್ಲ. ಮೂಲಪ್ರತಿ ಇಲ್ಲದೆ ಪ್ರೂಫ್ ನೋಡುವ ಹಾಗಿಲ್ಲ ಎಂದು ಹೊಸಬರಿಗೆಲ್ಲ ಹೇಳಿಕೊಟ್ಟವನು ಅವನೇ.

“ಇಲ್ಲ” ಎಂದ.

“ಹಾಗಾದ್ರೆ ನಾನು ಹೇಳ್ತೀನಿ, ನೀವು ತಿದ್ದಿ.” ಅವಳು ಹುರುಳಿಕಾಯಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. ನಾರು ತೆಗೆಯುತ್ತ, ಎದುರಿನ ಗೋಡೆಯಲ್ಲಿ ಬರೆದಿಟ್ಟಿದ್ದನ್ನು ಓದುವವಳಂತೆ ಶುರುಮಾಡಿದಳು. “ಕಿಟಕಿ ಒರೆಸಲಿಲ್ಲ ಫುಲ್‌ಸ್ಟಾಪ್.”

ಕೆಂಪು ಪೆನ್ನು ಪುಟದ ಮೇಲೆ ನಿಂತಿತು. ಮುತ್ತಿನಂಥ ಅಕ್ಷರ, ಹಳದಿ ಸೂರ್ಯ, ನಾಳೆ ಬೆಳಿಗ್ಗೆ ಅಂಗಡಿಯವರ ಮುಂದೆ ತೆರೆದಿಡಬೇಕಾದ ಪುಟ. ಗೆರೆ ಎಳೆದರೆ ಮತ್ತೆ ಅಳಿಸುವಂತಿಲ್ಲ. ಅವನು ‘ಒರೆಸುತ್ತ’ ಎಂಬುದರ ಮೇಲೆ ಗೆರೆ ಎಳೆದ, ಅಂಚಿನಲ್ಲಿ ‘ಒರೆಸಲಿಲ್ಲ’ ಎಂದು ಬರೆದ. “ಹ್ಞೂಂ” ಎಂದ.

“ಹಾಡಲಿಲ್ಲ ಫುಲ್‌ಸ್ಟಾಪ್.”

“ಹ್ಞೂಂ.”

“ಮಧ್ಯಾಹ್ನ ಮಲಗಿದ್ದೆ ಕಾಮಾ ನಿದ್ದೆ ಬರಲಿಲ್ಲ ಫುಲ್‌ಸ್ಟಾಪ್. ಕರೆಂಟು ಹೋಗಿದ್ದಾಗ ರೇಡಿಯೋ ಇಲ್ಲದೆ ಮನೆ ಭಣಭಣ ಅಂತಿತ್ತು ಕಾಮಾ ಆಗ ಹಳೇ ಕ್ಯಾಲೆಂಡರಿನ ಹಿಂದೆ ಅಚ್ಚಾಗಿದ್ದದ್ದನ್ನ ಗಟ್ಟಿಯಾಗಿ ಓದಿಕೊಂಡೆ ಕಾಮಾ ದನಿ ಇದೆಯೋ ಹೋಯಿತೋ ನೋಡೋಕೆ ಫುಲ್‌ಸ್ಟಾಪ್.”

ಬರೆಯುವ ಕೈ ಅವಳ ಓದಿಗಿಂತ ಹಿಂದೆ ಬಿತ್ತು. ಅಂಚು ಸಾಲದೆ ಟಿಕೆಟ್ಟಿನ ಜೇಬಿನ ಮೇಲೆಲ್ಲ ಬರೆಯಬೇಕಾಯಿತು. ದಿನವೂ ಹೀಗೆ ಓದಿಕೊಳ್ಳುತ್ತಿದ್ದಳೇ ಎಂದು ಕೇಳಬೇಕೆನಿಸಿತು. ಪ್ರೂಫ್ ನೋಡುವಾಗ ಪ್ರಶ್ನೆ ಕೇಳುವ ಪದ್ಧತಿಯಿಲ್ಲ. “ಹ್ಞೂಂ” ಎಂದ.

“ಸಂಜೆ ಗಂಡ ಬಂದರು ಫುಲ್‌ಸ್ಟಾಪ್. ಒಂದು ಸುಳ್ಳು ತಂದರು ಕಾಮಾ ಅದರಲ್ಲಿ ಬೆಕ್ಕು ಮಾತ್ರ ಚೆನ್ನಾಗಿತ್ತು ಫುಲ್‌ಸ್ಟಾಪ್.”

ಅವನ ಮೂಗಿನಿಂದ ಏನೋ ಸದ್ದು ಹೊರಟಿತು. ನಗುವೇ ಇರಬೇಕು. ಅವಳು ನಗಲಿಲ್ಲ, ಕಾಪಿ ಹೋಲ್ಡರ್ ನಗುವುದಿಲ್ಲ. ಆದರೆ ಹುರುಳಿಕಾಯಿ ಮುರಿಯುವ ಕೈ ಸ್ವಲ್ಪ ನಿಧಾನವಾಯಿತು. ಅವನು ಬರೆದು, ಸೂರ್ಯನ ಮೇಲೆ ಗೆರೆ ಎಳೆದು, ಮೋಡವೋ ಕೊಡೆಯೋ ತಿಳಿಯದೆ ಹಾಗೇ ಬಿಟ್ಟು, “ಹ್ಞೂಂ” ಎಂದ.

“ಹೊಸ ಪ್ಯಾರಾ. ನಾಳೆ ನಾನು ಬರೋದಿಲ್ಲ ಫುಲ್‌ಸ್ಟಾಪ್.”

ಇದು ಗೊತ್ತಿದ್ದದ್ದೇ. “ಹ್ಞೂಂ.”

“ಈ ಪುಸ್ತಕವನ್ನ ಹೀಗೇ ತಗೊಂಡು ಹೋಗಿ ಅಂಗಡಿಯವರ ಮುಂದೆ ಇಡೋದು ಫುಲ್‌ಸ್ಟಾಪ್.”

ಅವಳು ಕಾದಳು. ಹೊರಗೆ ಮೋಟಾರು ಸೈಕಲ್ ಕೊನೆಗೂ ಹೊತ್ತಿಕೊಂಡು ಬೀದಿಯ ತುದಿಗೆ ಹೋಗಿ ಸದ್ದಿಲ್ಲದಾಯಿತು. ಮೇಡಂ ಸ್ಕೇಲು ಇಟ್ಟು ಹಾಳೆ ಹರಿಯುವುದು ಅವನಿಗೆ ಕಂಡಿತು, ಬೈಂಡರನ ಹಲ್ಲು ಕಂಡಿತು, ಕಟಿಂಗ್ ಮಷೀನಿನ ಪಕ್ಕದ ತನ್ನ ಕುರ್ಚಿ ಖಾಲಿಯಾಗಿ ಕಂಡಿತು. ಈ ವಯಸ್ಸಿನಲ್ಲಿ ಇನ್ನು ಯಾರ ಬಾಗಿಲು ತಟ್ಟುವುದು. ಬೆರಳು ಸಾಲಿನ ಮೇಲಿತ್ತು. ಗಂಟಲಿನಿಂದ ಏನೂ ಹೊರಡಲಿಲ್ಲ. ಎದುರಿನ ಕುರ್ಚಿ ಕಿರ್ರೆನ್ನುವುದನ್ನು ಅವನ ಕಿವಿ ಕಾಯತೊಡಗಿತು. ಅದು ಕಿರ್ರೆನ್ನಲಿಲ್ಲ. ಅವಳು ಬಾಯಿ ಮುಚ್ಚಿಕೊಂಡು, ಕೈಯಲ್ಲಿ ಅರ್ಧ ಮುರಿದ ಹುರುಳಿಕಾಯಿ ಹಿಡಿದುಕೊಂಡು, ಇನ್ನೂ ಕಾಯುತ್ತಿದ್ದಳು. ಜಾಗ ತಪ್ಪುತ್ತದೆಂದು ಗೊತ್ತಿದ್ದೂ ಅವನು ಸಾಲಿನಿಂದ ಕಣ್ಣೆತ್ತಿ ಅವಳನ್ನು ನೋಡಿದ.

“ಹ್ಞೂಂ” ಎಂದ.